ಸ್ವಯಂಸೇವೆಯಿಂದ ವಿದ್ಯಾರ್ಥಿವೇತನ ಸಿಗುತ್ತದೆಯೇ? ಪ್ರಮಾಣಪತ್ರಕ್ಕಿಂತ 120 ಗಂಟೆಯ ಲೆಕ್ಕ ದೊಡ್ಡದು

ಪರೀಕ್ಷೆಯ ಫಲಿತಾಂಶ ಬಂದು ಕಾಲೇಜು ಪ್ರವೇಶದ ಗಡಿಬಿಡಿ ಶುರುವಾಯಿತೆಂದರೆ ಮನೆಮನೆಯಲ್ಲೂ ಒಂದು ಫೈಲು ತಯಾರಾಗುತ್ತದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್. ಈಚಿನ ವರ್ಷಗಳಲ್ಲಿ ಈ ಫೈಲಿಗೆ ಇನ್ನೊಂದು ಬಗೆಯ ಹಾಳೆ ಸೇರಿಕೊಂಡಿದೆ. ಅದು ಸ್ವಯಂಸೇವೆಯ ಪ್ರಮಾಣಪತ್ರ. ಒಂದು ಭಾನುವಾರ ಕಡಲತೀರದಲ್ಲಿ ಕಸ ಹೆಕ್ಕಿದ್ದಕ್ಕೆ ಒಂದು, ಗಿಡ ನೆಟ್ಟಿದ್ದಕ್ಕೆ ಒಂದು, ರಕ್ತದಾನ ಶಿಬಿರದಲ್ಲಿ ಕುರ್ಚಿ ಹಾಕಿದ್ದಕ್ಕೆ ಮತ್ತೊಂದು. 'ವಿದ್ಯಾರ್ಥಿವೇತನದ ಅರ್ಜಿಗೆ ಇವೆಲ್ಲ ಬೇಕಂತೆ' ಎಂಬ ಮಾತು ಮುಂಬೈನ ಡೊಂಬಿವಲಿಯಿಂದ ದೆಹಲಿಯ ಆರ್.ಕೆ. ಪುರಂವರೆಗೆ ಪೋಷಕರ ಬಾಯಲ್ಲಿ ಓಡಾಡುತ್ತಿದೆ.

ಈ ಮಾತಿನಲ್ಲಿ ಅರ್ಧ ನಿಜವಿದೆ. ಕೆಲವು ವಿದ್ಯಾರ್ಥಿವೇತನಗಳಲ್ಲಿ ಸ್ವಯಂಸೇವೆ ಅರ್ಜಿಯ ದಿಕ್ಕನ್ನೇ ಬದಲಿಸಬಲ್ಲದು. ಇನ್ನು ಕೆಲವದರಲ್ಲಿ ಅದಕ್ಕೆ ಕವಡೆ ಕಾಸಿನ ಕಿಮ್ಮತ್ತೂ ಇಲ್ಲ. ಯಾವುದರಲ್ಲಿ ಹೇಗೆ ಎಂದು ತಿಳಿಯದೆ ಹೋದರೆ ಬಡ ಮನೆಯ ವಿದ್ಯಾರ್ಥಿಯೊಬ್ಬ ಓದಿನ ಹೊತ್ತನ್ನು ಬೇಡದ ಕಡೆ ಕಳೆಯುತ್ತಾನೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನಿಜವಾಗಿ ಸೇವೆ ಮಾಡಿದ ವಿದ್ಯಾರ್ಥಿನಿಯೊಬ್ಬಳು ಅದನ್ನು ಅರ್ಜಿಯಲ್ಲಿ ಬರೆಯದೆಯೇ ಬಿಟ್ಟುಬಿಡುತ್ತಾಳೆ.

ಸೇವೆಗೆ ಜಾಗವೇ ಇಲ್ಲದ ಅರ್ಜಿಗಳು

ಮೊದಲು ಸರ್ಕಾರಿ ಯೋಜನೆಗಳನ್ನು ನೋಡೋಣ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಸಿಗುವ ನೆರವುಗಳಲ್ಲಿ ಹೆಚ್ಚಿನವು ನಿಯಮದ ಪ್ರಕಾರ ನಡೆಯುವಂಥವು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಸಿ ಆಯ್ಕೆ ಮಾಡುವ ಎನ್‌ಎಂಎಂಎಸ್ ಯೋಜನೆಯಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು, ಪರೀಕ್ಷೆಯಲ್ಲಿ ಅಂಕ ಬರಬೇಕು. ಪದವಿ ವಿದ್ಯಾರ್ಥಿಗಳಿಗಿರುವ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಆದಾಯ 4.5 ಲಕ್ಷದೊಳಗಿರಬೇಕು.

ಈ ಅರ್ಜಿಗಳಲ್ಲಿ 'ನೀವು ಸಮಾಜಕ್ಕೆ ಏನು ಮಾಡಿದ್ದೀರಿ' ಎಂದು ಕೇಳುವ ಕಾಲಮ್ಮೇ ಇಲ್ಲ. ನೂರು ಪ್ರಮಾಣಪತ್ರ ಇದ್ದರೂ ಅವನ್ನು ಲಗತ್ತಿಸಲು ಜಾಗವಿಲ್ಲ. ಇದು ಕೊರತೆಯೆಂದು ಭಾವಿಸಬೇಕಾಗಿಲ್ಲ. ಯಾರ ಮರ್ಜಿಯೂ ಇಲ್ಲದೆ, ಯಾರ ಮುಂದೆಯೂ ಮಾತನಾಡದೆ, ಅಂಕ ಮತ್ತು ಆದಾಯದ ಮೇಲೆ ನೆರವು ಪಡೆಯುವ ದಾರಿ ಒಂದಾದರೂ ಇರಬೇಕು. ಇಂಥ ಯೋಜನೆಗೆ ಅರ್ಹರಾದವರು ಮಾಡಬೇಕಾದ ಕೆಲಸ ಇಷ್ಟೇ: ಚೆನ್ನಾಗಿ ಓದುವುದು, ದಾಖಲೆಗಳಲ್ಲಿ ಹೆಸರಿನ ಅಕ್ಷರ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು, ಕೊನೆಯ ದಿನಾಂಕ ತಪ್ಪಿಸದಿರುವುದು.

ಆದರೆ ಹೊರನಾಡ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ರಾಜ್ಯ ಸರ್ಕಾರಗಳ ಬಹುಪಾಲು ವಿದ್ಯಾರ್ಥಿವೇತನಗಳಿಗೆ ಆಯಾ ರಾಜ್ಯದ ವಾಸಸ್ಥಳ ದಾಖಲೆ ಬೇಕು. ಕೆಲವೇ ವರ್ಷಗಳ ಹಿಂದೆ ಕರ್ನಾಟಕ ಬಿಟ್ಟು ಪುಣೆಗೋ ಹೈದರಾಬಾದಿಗೋ ಬಂದ ಕುಟುಂಬದ ಮಕ್ಕಳು ಊರಿನ ಯೋಜನೆಗೂ ಸಲ್ಲದೆ, ಇಲ್ಲಿನದಕ್ಕೂ ಸೇರದೆ ನಡುವೆ ಉಳಿಯುವುದುಂಟು. ಅಂಥವರಿಗೆ ಉಳಿಯುವ ದಾರಿ ಟ್ರಸ್ಟ್‌ಗಳು, ಕಂಪನಿಗಳ ಪ್ರತಿಷ್ಠಾನಗಳು ಮತ್ತು ವಿದೇಶಿ ವಿದ್ಯಾರ್ಥಿವೇತನಗಳು. ಅಲ್ಲಿ ಪ್ರಬಂಧ ಬರೆಸುತ್ತಾರೆ, ಶಿಫಾರಸು ಪತ್ರ ಕೇಳುತ್ತಾರೆ, ಎದುರಿಗೆ ಕೂರಿಸಿ ಮಾತನಾಡಿಸುತ್ತಾರೆ. ಸ್ವಯಂಸೇವೆ ತೂಕ ಪಡೆಯುವುದು ಅಲ್ಲಿಯೇ.

ಒಂದೇ ಸೇವೆ, ಬೇರೆ ಬೇರೆ ತಕ್ಕಡಿ

ಇಲ್ಲಿಯೂ ಎಲ್ಲರ ತಕ್ಕಡಿ ಒಂದೇ ಅಲ್ಲ. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳಿ. 1983ರಲ್ಲಿ ಆರಂಭವಾದ ಈ ಯೋಜನೆ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚು ಭರಿಸುತ್ತದೆ. ಅರ್ಜಿ ಹಾಕಲು 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಸಂಬಳದ ಕೆಲಸದ ಜೊತೆಗೆ ಸಂಬಳವಿಲ್ಲದ ಸ್ವಯಂಸೇವೆಯನ್ನೂ ಈ ಲೆಕ್ಕಕ್ಕೆ ಸೇರಿಸಬಹುದು. ಪದವಿಗೆ ಮುಂಚಿನ ಗಂಟೆಗಳು ನಡೆಯುತ್ತವೆಯೇ ಎಂಬಂಥ ವಿವರಗಳನ್ನು ಆಯಾ ವರ್ಷದ ಸೂಚನೆಯಲ್ಲೇ ನೋಡಿಕೊಳ್ಳಬೇಕು. ಅದರ ಪ್ರಬಂಧಗಳಲ್ಲಿ ನಾಯಕತ್ವದ ಬಗ್ಗೆ, ಜನರೊಂದಿಗೆ ಸಂಬಂಧ ಬೆಳೆಸಿದ ಬಗ್ಗೆ ಕೇಳುತ್ತಾರೆ. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷಕ್ಕೆ ತಾಯ್ನಾಡಿಗೆ ಮರಳಬೇಕೆಂಬ ಷರತ್ತೂ ಇದೆ.

ಅಮೆರಿಕದ ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ನ ಲೆಕ್ಕವೇ ಬೇರೆ. ಅದಕ್ಕೆ ಕನಿಷ್ಠ ಮೂರು ವರ್ಷದ ಪೂರ್ಣಾವಧಿ ಕೆಲಸ ಬೇಕು, ಅದೂ ಸಂಬಳ ಪಡೆದ ಕೆಲಸ. ಸ್ವಯಂಸೇವೆಯ ಗಂಟೆಗಳು ಈ ಮೂರು ವರ್ಷಕ್ಕೆ ಸೇರುವುದಿಲ್ಲ. ಹಾಗೆಂದು ಅವು ವ್ಯರ್ಥವೂ ಅಲ್ಲ, ಏಕೆಂದರೆ ಅರ್ಜಿದಾರರಲ್ಲಿ ನಾಯಕತ್ವ ಮತ್ತು ಸಮುದಾಯ ಸೇವೆಯ ಅನುಭವವನ್ನು ಅವರು ಪ್ರತ್ಯೇಕವಾಗಿ ನಿರೀಕ್ಷಿಸುತ್ತಾರೆ. 1959ರಿಂದ ನಡೆದುಬಂದಿರುವ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಅಂಕದ ಜೊತೆಗೆ, ನಿಮ್ಮ ಓದಿನಿಂದ ನಿಮ್ಮ ದೇಶದ ಅಭಿವೃದ್ಧಿಗೆ ಏನು ಉಪಯೋಗ ಎಂಬುದನ್ನೂ ತೂಗುತ್ತಾರೆ.

ಎಲ್ಲಕ್ಕಿಂತ ಹಳೆಯ ಉದಾಹರಣೆ ರೋಡ್ಸ್ ವಿದ್ಯಾರ್ಥಿವೇತನ. ಕನ್ನಡಿಗರಿಗೆ ಇದರ ಹೆಸರು ಗೊತ್ತಿರುವುದು ಗಿರೀಶ ಕಾರ್ನಾಡರಿಂದ. ಮಾಥೇರಾನ್‌ನಲ್ಲಿ ಹುಟ್ಟಿ ಧಾರವಾಡದಲ್ಲಿ ಕಲಿತ ಅವರು 1960ರ ದಶಕದ ಆರಂಭದಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್‌ನ ಉಯಿಲಿನಿಂದ ಹುಟ್ಟಿದ ಈ ವಿದ್ಯಾರ್ಥಿವೇತನದ ಮಾನದಂಡಗಳಲ್ಲಿ ಓದಿನ ಜೊತೆಗೆ ಕರ್ತವ್ಯನಿಷ್ಠೆ, ದುರ್ಬಲರ ಬಗ್ಗೆ ಸಹಾನುಭೂತಿ, ನಿಸ್ವಾರ್ಥತೆ ಇಂದಿಗೂ ಇವೆ. ನಿಸ್ವಾರ್ಥತೆಗೆ ಯಾವ ಬೋರ್ಡೂ ಅಂಕ ಕೊಡುವುದಿಲ್ಲ. ಆಯ್ಕೆದಾರರು ಅದನ್ನು ಕಂಡುಕೊಳ್ಳುವುದು ಅಭ್ಯರ್ಥಿ ಏನು ಮಾಡಿದ್ದಾನೆ, ಎಷ್ಟು ದಿನ ಮಾಡಿದ್ದಾನೆ ಎಂಬುದರಿಂದ ಮಾತ್ರ.

ಹಾಗಾಗಿ ಅರ್ಜಿ ಹಾಕುವ ಮುನ್ನ ಒಂದು ಸರಳ ಪರೀಕ್ಷೆ ಮಾಡಿಕೊಳ್ಳಿ. ಅರ್ಜಿಯಲ್ಲಿ ಪ್ರಬಂಧ ಇದೆಯೇ? ಶಿಫಾರಸು ಪತ್ರ ಕೇಳಿದ್ದಾರೆಯೇ? ಸಂದರ್ಶನ ಇದೆಯೇ? ಮೂರಕ್ಕೂ 'ಇಲ್ಲ' ಎಂದಾದರೆ ಸ್ವಯಂಸೇವೆಯನ್ನು ಆ ಅರ್ಜಿಯ ಲೆಕ್ಕದಿಂದ ಬಿಟ್ಟುಬಿಡಿ. ಒಂದಕ್ಕಾದರೂ 'ಹೌದು' ಎಂದಾದರೆ ಮುಂದಿನ ಮಾತು ನಿಮಗೆ ಬೇಕಾಗುತ್ತದೆ.

ಆಯ್ಕೆ ಸಮಿತಿ ಹುಡುಕುವುದೇನು?

ಇಬ್ಬರು ಅಭ್ಯರ್ಥಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವನ ಬಳಿ ಹದಿನಾಲ್ಕು ಪ್ರಮಾಣಪತ್ರಗಳಿವೆ. ಅವನು ಬರೆಯುತ್ತಾನೆ: 'ನನಗೆ ಸಮಾಜಸೇವೆಯಲ್ಲಿ ಅಪಾರ ಆಸಕ್ತಿ. ಪರಿಸರ, ಶಿಕ್ಷಣ, ಆರೋಗ್ಯ ಕ್ಷೇತ್ರಗಳಲ್ಲಿ ಸಕ್ರಿಯವಾಗಿ ತೊಡಗಿಸಿಕೊಂಡಿದ್ದೇನೆ.'

ಎರಡನೆಯವಳ ಬಳಿ ಇರುವುದು ಒಂದೇ ಪತ್ರ. ಅವಳು ಬರೆಯುತ್ತಾಳೆ: 'ಹದಿನಾಲ್ಕು ತಿಂಗಳು, ವಾರಕ್ಕೆ ಎರಡು ಸಂಜೆ, ನಮ್ಮ ಚಾಳಿನ ಹನ್ನೊಂದು ಮಕ್ಕಳಿಗೆ ಐದನೇ ತರಗತಿಯ ಗಣಿತ ಹೇಳಿಕೊಟ್ಟೆ. ಮೊದಲ ತಿಂಗಳಲ್ಲೇ ನಾಲ್ವರು ಬರುವುದು ನಿಲ್ಲಿಸಿದರು. ವಿಚಾರಿಸಿದಾಗ, ನಲ್ಲಿಯಲ್ಲಿ ನೀರು ಬರುವ ಹೊತ್ತೂ ನಮ್ಮ ತರಗತಿಯ ಹೊತ್ತೂ ಒಂದೇ ಎಂದು ತಿಳಿಯಿತು. ತರಗತಿಯನ್ನು ಏಳೂವರೆಗೆ ಬದಲಿಸಿದೆ. ಮೂವರು ಮರಳಿ ಬಂದರು, ಒಬ್ಬಳು ಬರಲಿಲ್ಲ.'

ಆಯ್ಕೆದಾರರ ಪೆನ್ನು ಎಲ್ಲಿ ನಿಲ್ಲುತ್ತದೆಂದು ವಿವರಿಸಬೇಕಾಗಿಲ್ಲ. ಎರಡನೆಯ ಬರಹದಲ್ಲಿ ಕಾಲವಿದೆ, ಲೆಕ್ಕವಿದೆ, ಎದುರಾದ ತೊಂದರೆಯಿದೆ, ಅದಕ್ಕೆ ಹುಡುಕಿದ ದಾರಿಯಿದೆ, ಕೊನೆಗೆ ಸಾಧಿಸಲಾಗದ್ದೂ ಇದೆ. 'ಒಬ್ಬಳು ಬರಲಿಲ್ಲ' ಎಂಬ ಕೊನೆಯ ಮಾತು ಅರ್ಜಿಯನ್ನು ದುರ್ಬಲಗೊಳಿಸುವುದಿಲ್ಲ. ಅಲ್ಲಿದ್ದವರಿಗೆ ಮಾತ್ರ ಬರೆಯಲು ಸಾಧ್ಯವಾಗುವ ಮಾತು ಅದು.

ಸಂದರ್ಶನದಲ್ಲಿ ಇದರ ಫಲ ಇನ್ನೂ ಸ್ಪಷ್ಟ. 'ನಿಮ್ಮ ಕೆಲಸದಲ್ಲಿ ಯಾವುದು ಸೋತಿತು?', 'ನೀವು ಬಿಟ್ಟ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?' ಎಂಬ ಎರಡು ಪ್ರಶ್ನೆಗೆ ಒಂದು ಭಾನುವಾರದ ಸ್ವಯಂಸೇವಕನ ಬಳಿ ಉತ್ತರವಿರುವುದಿಲ್ಲ. ಹದಿನಾಲ್ಕು ತಿಂಗಳು ದುಡಿದವಳು ಹತ್ತು ನಿಮಿಷ ಮಾತನಾಡಬಲ್ಲಳು. ಶಿಫಾರಸು ಪತ್ರಕ್ಕೂ ಇದೇ ನ್ಯಾಯ. ವರ್ಷಗಟ್ಟಲೆ ಕೆಲಸ ನೋಡಿದ ಶಾಲೆಯ ಶಿಕ್ಷಕಿಯ ಅರ್ಧ ಪುಟದ ಪತ್ರ, ಮುಖಪರಿಚಯವೂ ಇಲ್ಲದ ದೊಡ್ಡ ಮನುಷ್ಯರ ಲೆಟರ್‌ಹೆಡ್‌ಗಿಂತ ಮೇಲು.

120 ಗಂಟೆ ಎಂದರೆ ಎಷ್ಟು?

ಎಷ್ಟು ಸೇವೆ ಮಾಡಿದರೆ ಸಾಕು ಎಂಬುದು ಪೋಷಕರ ಮುಂದಿನ ಪ್ರಶ್ನೆ. ಇದಕ್ಕೆ ನಮ್ಮ ದೇಶದಲ್ಲೇ ಒಂದು ಹಳೆಯ ಅಳತೆಗೋಲಿದೆ. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ತನ್ನ ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೇಳುತ್ತದೆ. ಜೊತೆಗೆ ಏಳು ದಿನದ ವಿಶೇಷ ಶಿಬಿರವಿದೆ.

ವರ್ಷಕ್ಕೆ 120 ಗಂಟೆ ಎಂದರೆ ವಾರಕ್ಕೆ ಮೂರು ಗಂಟೆಯಂತೆ ನಲವತ್ತು ವಾರ. ಪರೀಕ್ಷೆ, ಹಬ್ಬ, ಊರಿಗೆ ಹೋಗಿಬರುವ ದಿನಗಳನ್ನು ಬಿಟ್ಟರೂ ಸಿಗುವ ಹೊತ್ತು. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕವಿದ್ದರೆ ಸೇರಿಕೊಳ್ಳುವುದು ಒಳ್ಳೆಯದು. ಅಲ್ಲಿ ಗಂಟೆಗಳ ದಾಖಲೆ ಇಡುತ್ತಾರೆ, ಕಾರ್ಯಕ್ರಮ ಅಧಿಕಾರಿ ಇರುತ್ತಾರೆ, ಪ್ರಮಾಣಪತ್ರ ವಿಶ್ವವಿದ್ಯಾಲಯದ್ದಾಗಿರುತ್ತದೆ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಆರಂಭಿಸಿದ ಮೇರಾ ಯುವ ಭಾರತ್ ವೇದಿಕೆಯಲ್ಲೂ 15ರಿಂದ 29 ವರ್ಷದವರು ಹೆಸರು ನೋಂದಾಯಿಸಿ ಸ್ವಯಂಸೇವೆಯ ಅವಕಾಶ ಹುಡುಕಬಹುದು.

ಇದೇ ಲೆಕ್ಕ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ವರ್ಷಕ್ಕೆ 120 ಗಂಟೆಯಂತೆ ಹೋದರೆ ಚೀವನಿಂಗ್ ಕೇಳುವ 2,800 ಗಂಟೆ ತುಂಬಲು ಇಪ್ಪತ್ತಮೂರು ವರ್ಷಕ್ಕೂ ಹೆಚ್ಚು ಬೇಕು. ವಾರಾಂತ್ಯದ ಸೇವೆ ಉದ್ಯೋಗಕ್ಕೆ ಪರ್ಯಾಯವಾಗದು. ಅಂಕಕ್ಕೂ ಪರ್ಯಾಯವಾಗದು. ಒಂದೇ ಮಟ್ಟದ ಅಂಕ ಪಡೆದ ಹಲವರು ಬಾಗಿಲಲ್ಲಿ ನಿಂತಾಗ ಯಾರನ್ನು ಒಳಗೆ ಕರೆಯಬೇಕೆಂಬ ತೀರ್ಮಾನಕ್ಕೆ ಅದು ನೆರವಾಗುತ್ತದೆ. ಬಾಗಿಲವರೆಗೆ ನಡೆದು ಹೋಗಬೇಕಾದದ್ದು ಓದಿನ ಬಲದಿಂದಲೇ.

ನಮ್ಮಲ್ಲೇ ಇರುವ ಬಂಡವಾಳ

ಸೇವೆ ಮಾಡಲು ದೂರ ಹೋಗಬೇಕಿಲ್ಲ. ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ತನ್ನ ತರಗತಿಯ ಬೇರೆಯವರಲ್ಲಿಲ್ಲದ ಒಂದು ಶಕ್ತಿಯಿದೆ. ಅವನಿಗೆ ಕನ್ನಡವೂ ಬರುತ್ತದೆ, ತಾನಿರುವ ಊರಿನ ಭಾಷೆಯೂ ಬರುತ್ತದೆ.

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಬರುವ ಕುಟುಂಬಗಳು ಸಾವಿರಾರು. ಅವರ ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದರೆ ಮೊದಲ ಗೋಡೆಯೇ ಭಾಷೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ, ದೆಹಲಿಯ ಏಮ್ಸ್‌ಗೆ ಕರ್ನಾಟಕದಿಂದ ಬರುವ ರೋಗಿಗಳ ಜೊತೆಗಿರುವವರಿಗೆ ಯಾವ ಕಿಟಕಿಯಲ್ಲಿ ಯಾವ ಚೀಟಿ ಕೊಡಬೇಕೆಂದು ಕನ್ನಡದಲ್ಲಿ ಹೇಳುವವರು ಸಿಕ್ಕರೆ ಅರ್ಧ ಭಯ ಇಳಿಯುತ್ತದೆ. ಮುಂಬೈ ವಡಾಲದ ಎನ್‌ಕೆಇಎಸ್, ಹೈದರಾಬಾದ್ ಕಾಚಿಗುಡದ ನೃಪತುಂಗ, ದೆಹಲಿ ಲೋಧಿ ಎಸ್ಟೇಟ್‌ನ ಕನ್ನಡ ಶಾಲೆಯಂತಹ ಸಂಸ್ಥೆಗಳನ್ನು ಹೊರನಾಡ ಕನ್ನಡಿಗರು ಕಟ್ಟಿ ಉಳಿಸಿಕೊಂಡು ಬಂದಿದ್ದಾರೆ. ಇಂಥ ಶಾಲೆಗಳಲ್ಲಿ ಸಂಜೆಯ ಹೊತ್ತು ಒಂದು ಪಾಠ ಹೇಳುವ ಕಾಲೇಜು ವಿದ್ಯಾರ್ಥಿ ಬೇಡವೆನ್ನುವವರಿಲ್ಲ.

ಮುಂದಿನ ಓದಿಗೂ ಮಾಡುವ ಸೇವೆಗೂ ನಂಟಿದ್ದರೆ ಇನ್ನೂ ಒಳಿತು. ಸಾರ್ವಜನಿಕ ಆರೋಗ್ಯ ಓದಬೇಕೆನ್ನುವವಳಿಗೆ ಆಸ್ಪತ್ರೆಯ ಸಾಲು, ಶಿಕ್ಷಣ ಓದುವವನಿಗೆ ವಲಸೆ ಮಕ್ಕಳ ತರಗತಿ, ಕಾನೂನು ಓದುವವರಿಗೆ ಕಾರ್ಮಿಕರ ಪಡಿತರ ಚೀಟಿಯ ಗೊಂದಲ. ಆಗ ಪ್ರಬಂಧದಲ್ಲಿ 'ಈ ವಿಷಯವನ್ನೇ ಏಕೆ ಓದುತ್ತೀರಿ' ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ.

ಹಣ ಕೊಟ್ಟು ಪಡೆಯುವ ಸೇವೆ

ಬೇಡಿಕೆ ಇದ್ದಲ್ಲಿ ವ್ಯಾಪಾರ ಹುಟ್ಟುತ್ತದೆ. ನೋಂದಣಿ ಶುಲ್ಕ ಕಟ್ಟಿದರೆ 'ಸಮಾಜಸೇವಾ ಇಂಟರ್ನ್‌ಶಿಪ್' ಕೊಡುತ್ತೇವೆ ಎನ್ನುವವರಿದ್ದಾರೆ. ಪರಿಚಯದವರಿಂದ ಇಷ್ಟು ದೇಣಿಗೆ ಸಂಗ್ರಹಿಸಿದರೆ ಮಾತ್ರ ಪ್ರಮಾಣಪತ್ರ ಎಂದು ಗುರಿ ಕೊಡುವವರಿದ್ದಾರೆ. ಸೇವೆ ಮಾಡಲು ಹಣ ಕೇಳುವ ಕಡೆ ಎರಡು ಬಾರಿ ಯೋಚಿಸಿ. ಸಂಸ್ಥೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ನೋಂದಣಿಯೊಂದೇ ಪ್ರಾಮಾಣಿಕತೆಗೆ ಖಾತರಿಯಲ್ಲ. ಹೋಗಿ ಕೆಲಸ ನೋಡುವುದು ಎರಡನೆಯ ಹೆಜ್ಜೆ.

ಇನ್ನೊಂದು ಮಾತು. ನೆರವು ಪಡೆದ ಮಕ್ಕಳ, ರೋಗಿಗಳ ಫೋಟೊ ತೆಗೆದು ಅರ್ಜಿಗೆ ಅಂಟಿಸುವುದು ಬೇಡ. ಅವರ ಬಡತನ ನಿಮ್ಮ ಸಾಕ್ಷ್ಯವಾಗಬಾರದು.

ಭಾನುವಾರವೇ ಇಲ್ಲದವರ ಪಾಡು

ಈಗ ಈ ವಿಷಯದ ನಿಜವಾದ ಇಕ್ಕಟ್ಟಿಗೆ ಬರೋಣ. ಸ್ವಯಂಸೇವೆ ಮಾಡಲು ಬಿಡುವು ಬೇಕು. ಅಪ್ಪನ ಕ್ಯಾಂಟೀನಿನಲ್ಲಿ ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆ ಇಳಿಸುವ ಹುಡುಗನಿಗೆ, ಅಮ್ಮ ಮನೆಗೆಲಸಕ್ಕೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ ಬಿಡುವಿನ ಭಾನುವಾರ ಎಲ್ಲಿಂದ ಬರಬೇಕು? ಸೇವೆಗೆ ಅಂಕ ಕೊಡುವ ವ್ಯವಸ್ಥೆ ಉಳ್ಳವರ ಮಕ್ಕಳಿಗೆ ಇನ್ನೊಂದು ಮೆಟ್ಟಿಲಾಗಿ, ಇಲ್ಲದವರಿಗೆ ಇನ್ನೊಂದು ಗೋಡೆಯಾಗುವ ಅಪಾಯ ಇದೆ.

ಇದನ್ನು ಬೇರೆಡೆಯವರೂ ಗಮನಿಸಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಯೋಜನೆಯೊಂದು 2016ರ ಜನವರಿಯಲ್ಲಿ ಹೊರತಂದ 'ಟರ್ನಿಂಗ್ ದ ಟೈಡ್' ಎಂಬ ವರದಿ, ಕಾಲೇಜು ಪ್ರವೇಶದಲ್ಲಿ ತೋರಿಕೆಯ ಸೇವೆಗಿಂತ ದೀರ್ಘಕಾಲದ, ಅರ್ಥಪೂರ್ಣ ಸೇವೆಗೆ ಬೆಲೆ ಕೊಡಬೇಕೆಂದಿತು. ಮನೆಯ ಚಿಕ್ಕವರನ್ನು ನೋಡಿಕೊಳ್ಳುವುದು, ಮನೆ ನಡೆಸಲು ದುಡಿಯುವುದು ಇವೂ ಪರಿಗಣನೆಗೆ ಬರಬೇಕೆಂದಿತು. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳನ್ನು ಬರೆಯಲು ಅವಕಾಶವಿದ್ದು, ಅದರ ವಿಭಾಗಗಳಲ್ಲಿ 'ಕುಟುಂಬದ ಹೊಣೆ' ಎಂಬುದೂ ಒಂದು.

ನಮ್ಮ ಮಕ್ಕಳು ಇದನ್ನು ಬರೆಯುವುದಿಲ್ಲ. ಮನೆಯ ಕೆಲಸವನ್ನು ಹೇಳಿಕೊಳ್ಳುವುದೇನು ಎಂಬ ಸಂಕೋಚ ಒಂದು ಕಡೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಹಿರಿಯರ ಮಾತು ಇನ್ನೊಂದು ಕಡೆ. ಆ ಮಾತಿಗೆ ಗೌರವವಿರಲಿ. ಆದರೆ ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಇದ್ದದ್ದನ್ನು ಇದ್ದಂತೆ ಬರೆಯುವುದು ಜಂಬ ಕೊಚ್ಚಿಕೊಂಡಂತಲ್ಲ. ಓಣಿಯ ಹತ್ತು ಮನೆಯವರ ಆಧಾರ್ ತಿದ್ದುಪಡಿ ಅರ್ಜಿ ತುಂಬಿಕೊಟ್ಟ ಹುಡುಗಿ ತಾನು ಸ್ವಯಂಸೇವಕಿ ಎಂದು ಎಂದೂ ಅಂದುಕೊಂಡಿರುವುದಿಲ್ಲ. ಅವಳಿಗೆ ಅದನ್ನು ಹೇಳಬೇಕಾದವರು ಶಿಕ್ಷಕರು ಮತ್ತು ಪೋಷಕರು.

ಸಂಘಗಳು ಮಾಡಬಹುದಾದ್ದು

ಮುಂಬೈ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಕಳೆದ ಶತಮಾನದಲ್ಲಿ ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತ ಹುಡುಗರು ಮುಂದೆ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಉದ್ಯಮಿಗಳಾದರು. ಆ ರಾತ್ರಿ ಶಾಲೆಗಳು ನಡೆದದ್ದು ದಿನವಿಡೀ ದುಡಿದು ಸಂಜೆ ಪಾಠ ಹೇಳಿದವರಿಂದ. ಆ ಹುಡುಗರಾಗಲಿ ಆ ಮೇಷ್ಟ್ರುಗಳಾಗಲಿ ಪ್ರಮಾಣಪತ್ರ ಕೇಳಲಿಲ್ಲ.

ಅದೇ ಪರಂಪರೆಯ ಕನ್ನಡ ಸಂಘಗಳು, ಸಮುದಾಯ ಸಂಘಗಳು ಇಂದೂ ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಹಂಚುತ್ತವೆ. ಅವುಗಳ ಅರ್ಜಿ ನಮೂನೆ ಸಾಮಾನ್ಯವಾಗಿ ಅಂಕ ಮತ್ತು ಆದಾಯಕ್ಕೆ ಮುಗಿಯುತ್ತದೆ. ಅದರ ಕೊನೆಗೆ ಒಂದು ಸಾಲು ಸೇರಿಸಬಹುದು: 'ಮನೆಗಾಗಲಿ ನೆರೆಹೊರೆಗಾಗಲಿ ನೀವು ನಿಯಮಿತವಾಗಿ ಮಾಡುವ ಕೆಲಸವೇನು?' ಇದಕ್ಕೆ ಅಂಕ ಕೊಡಬೇಕಿಲ್ಲ. ಉತ್ತರ ಬರೆಯುವ ಅಭ್ಯಾಸವಾದರೆ ಸಾಕು. ನಾಳೆ ದೊಡ್ಡ ವಿದ್ಯಾರ್ಥಿವೇತನದ ಪ್ರಬಂಧ ಬರೆಯುವಾಗ ಕೈ ನಡುಗುವುದಿಲ್ಲ. ಸಂಘದ ಗ್ರಂಥಾಲಯದಲ್ಲೋ ಸಂಜೆ ತರಗತಿಯಲ್ಲೋ ದುಡಿದ ವಿದ್ಯಾರ್ಥಿಗೆ ಗಂಟೆ, ಕೆಲಸ, ಅವಧಿ ನಮೂದಿಸಿದ ಪತ್ರವೊಂದನ್ನು ಕಾರ್ಯದರ್ಶಿ ಸಹಿ ಮಾಡಿ ಕೊಟ್ಟರೆ, ಶಾಲು ಹೊದಿಸುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿದ್ಯಾರ್ಥಿಗಳು ಮಾಡಬೇಕಾದ್ದು ಇನ್ನೂ ಸುಲಭ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ವಾರ ದಿನಾಂಕ, ಗಂಟೆ, ಮಾಡಿದ ಕೆಲಸ, ಎದುರಾದ ತೊಂದರೆ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಒಂದೇ ಕೆಲಸ ಹಿಡಿಯಿರಿ, ಒಂದು ವರ್ಷವಾದರೂ ಬಿಡಬೇಡಿ. ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಿ, ಮುಗಿದ ಮೇಲೆ ಮರಳಿ ಹೋಗಿ. ಅರ್ಜಿ ಹಾಕುವ ದಿನ ಆ ನೋಟ್‌ಬುಕ್ ತೆರೆದರೆ ಬರೆಯಬೇಕಾದದ್ದೆಲ್ಲ ಅದರಲ್ಲೇ ಇರುತ್ತದೆ. ವಿದ್ಯಾರ್ಥಿವೇತನ ಈ ವರ್ಷ ಕೈತಪ್ಪಿದರೂ, ಏಳೂವರೆಯ ತರಗತಿಗೆ ಮರಳಿ ಬಂದ ಆ ಮೂವರು ಮಕ್ಕಳಿಗೆ ಭಾಗಾಕಾರ ಬಂದಿರುತ್ತದೆ.